ಚೌಫರ್ ಅಲ್ಲ, ಶೋಫರ್

ಕಾರಿನ ಜಾಹೀರಾತಿನಲ್ಲಿ ಕಂಡ 'chauffeur' ಪದವನ್ನು 'ಚೌಫರ್' ಅಂತ ಓದಬೇಕಾ, ಡ್ರೈವರ್‌ಗೂ ಅದಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದೀರಿ. 'ಶೋಫರ್' ಅನ್ನಿ, ಅದು ಫ್ರೆಂಚ್ ಪದ. ಮೂಲ ಅರ್ಥ ಕಾಯಿಸುವವನು. ಉಗಿ ಎಂಜಿನ್‌ಗೆ ಕಲ್ಲಿದ್ದಲು ಹಾಕಿ ಬೆಂಕಿ ಉರಿಸುತ್ತಿದ್ದವನ ಹೆಸರು. ಮೊದಮೊದಲ ಕೆಲವು ಮೋಟಾರು ಗಾಡಿಗಳೂ ಉಗಿಯಲ್ಲೇ ಓಡುತ್ತಿದ್ದವಲ್ಲ, ಹಾಗೆ ಗಾಡಿ ಓಡಿಸುವವನಿಗೂ ಅಂಟಿಕೊಂಡಿತು. ಇಂಗ್ಲಿಷಿನಲ್ಲಿ ಈಗ ಸಂಬಳಕ್ಕೆ ಇನ್ನೊಬ್ಬರನ್ನು ಕಾರಿನಲ್ಲಿ ಕರೆದೊಯ್ಯುವವನು ಶೋಫರ್. ಬಸ್ಸು, ಲಾರಿಯವರಿಗೆ ಹಾಗನ್ನುವುದಿಲ್ಲ. ಫ್ರೆಂಚಿನಲ್ಲಾದರೆ ಟ್ಯಾಕ್ಸಿಯವನೂ ಶೋಫರೇ.

ಬೆಂಗಳೂರಿನಲ್ಲಿ ಒಂದು ದಿನದ ಮಟ್ಟಿಗೆ ನಮ್ಮ ಕಾರು ಓಡಿಸಲು ಬರುವವರು 'ಆಕ್ಟಿಂಗ್ ಡ್ರೈವರ್'. ನಟನೆ ಏನಿಲ್ಲ, ಬದಲಿ ಅಂತ ಅಷ್ಟೇ! ಕನ್ನಡದಲ್ಲಿ ಬರೆಯುವಾಗ ಸುಮ್ನೆ 'ಡ್ರೈವರ್' ಸಾಕು. 'ಸಾರಥಿ' ಅಂದರೆ ಮುಂದಿನ ಸೀಟಿನಲ್ಲಿ ಕೃಷ್ಣನೇ ಬಂದು ಕೂತ ಹಾಗಾಗುತ್ತೆ, ಅಲ್ವಾ?