ದೋಣಿಗೊಂದು ನಂಬರು, ನಂಬರಿಗೊಂದು ಶುಲ್ಕ

ಓದುಗರ ಪತ್ರ: "ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಕರಾವಳಿಯ ಬಂದರುಗಳ ಬಗ್ಗೆ ಬರೆದಿದ್ದಿರಿ. ನೋಂದಣಿ ಶುಲ್ಕದ ಬಗ್ಗೆ ಒಂದು ಸಾಲೂ ಇರಲಿಲ್ಲ. ನಮ್ಮದು ಔಟ್‌ಬೋರ್ಡ್ ಇಂಜಿನ್ ಹಾಕಿದ ನಾಡದೋಣಿ. ನೋಂದಣಿಗೆ ಒಂದು ಫೀಸು, ಲೈಸೆನ್ಸಿಗೆ ಇನ್ನೊಂದು, ತಪಾಸಣೆಗೆ ಮತ್ತೊಂದು. ಇದನ್ನೆಲ್ಲ ಯಾರು, ಯಾವ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ? ಇದು ಬೇರೆ ಹೆಸರಿನ ತೆರಿಗೆಯೇ ಅಲ್ವಾ? ಬಡವರ ದೋಣಿಗೆ ಶುಲ್ಕವೇ ಬೇಡ ಅಂತ ನೀವು ಬರೆಯಬೇಕು." – ಬೈಂದೂರು ಕಡೆಯ ಓದುಗರು

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬಂದರಿನ ಬಗ್ಗೆ ಅಷ್ಟು ಪುಟ ಬರೆದು, ಬಂದರಿಗೆ ಬರುವ ದೋಣಿಯವರು ಏನು ಕಟ್ಟುತ್ತಾರೆ ಅನ್ನೋದನ್ನೇ ಬಿಟ್ಟಿದ್ದು ನಮ್ಮ ತಪ್ಪು. ನಿಮ್ಮ ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ. "ಶುಲ್ಕವೇ ಬೇಡ" ಅಂತ ನಾನು ಬರೆಯುವುದಿಲ್ಲ. ಕಟ್ಟಿದ ಶುಲ್ಕಕ್ಕೆ ಕೆಲಸ ಆಗಲೇಬೇಕು ಅಂತ ಬರೆಯುತ್ತೇನೆ. ಯಾಕೆ ಅಂತ ಸ್ವಲ್ಪ ಸಮಾಧಾನದಿಂದ ಹೇಳುತ್ತೇನೆ, ಕೇಳಿ.

ಮೊದಲು ನಿಮ್ಮ ಕೈಯಲ್ಲಿರುವ ಕಾಗದಗಳ ವಿಷಯ. ನೋಂದಣಿ ಬೇರೆ, ಲೈಸೆನ್ಸ್ ಬೇರೆ. ನೋಂದಣಿ ಅಂದರೆ ದೋಣಿಯ ಜಾತಕ ಇದ್ದ ಹಾಗೆ. ಯಾರದ್ದು, ಎಲ್ಲಿ ಕಟ್ಟಿದ್ದು, ಎಷ್ಟು ಉದ್ದ, ಯಾವ ಇಂಜಿನ್, ಎಲ್ಲ ಅದರಲ್ಲಿ ಬರುತ್ತದೆ. ಇದು ಕೇಂದ್ರದ ಕಾನೂನಿನಿಂದ ಬಂದದ್ದು. 1958ರ ವಾಣಿಜ್ಯ ಹಡಗು ಕಾಯ್ದೆಗೆ 1983ರಲ್ಲಿ ಮೀನುಗಾರಿಕೆ ದೋಣಿಗಳಿಗೆಂದೇ ಒಂದು ಭಾಗ ಸೇರಿಸಿದರು. ಲೈಸೆನ್ಸ್ ಅಂದರೆ ಆ ದೋಣಿಯಲ್ಲಿ ಮೀನು ಹಿಡಿಯಲು ಕೊಟ್ಟ ಅನುಮತಿ. ಅದು ನಮ್ಮ ರಾಜ್ಯದ 1986ರ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯಿಂದ ಬಂದದ್ದು. ಸಂವಿಧಾನದಲ್ಲಿ ಮೀನುಗಾರಿಕೆ ರಾಜ್ಯಗಳ ಪಟ್ಟಿಯಲ್ಲಿದೆ. ಸಮುದ್ರದ ಹಡಗು ಸಂಚಾರ ಮತ್ತು 12 ನಾಟಿಕಲ್ ಮೈಲಿಯ ಆಚೆಗಿನ ಮೀನುಗಾರಿಕೆ ಕೇಂದ್ರದ ಪಟ್ಟಿಯಲ್ಲಿವೆ. ನಿಮ್ಮ ದೋಣಿ ಒಂದೇ ಆದರೂ ಎರಡು ಸರ್ಕಾರಗಳ ಲೆಕ್ಕದಲ್ಲಿದೆ. ಎರಡು ರಸೀದಿ ಬರುವುದು ಅದಕ್ಕೇ.

ಮೊತ್ತವನ್ನು ನಿಗದಿ ಮಾಡುವವರು ಯಾರು? ಸಾಮಾನ್ಯವಾಗಿ ಕಾಯ್ದೆಯಲ್ಲಿ ಮೊತ್ತ ಇರುವುದಿಲ್ಲ. "ನಿಯಮದಲ್ಲಿ ಹೇಳಿದಷ್ಟು ಶುಲ್ಕ" ಅಂತ ಮಾತ್ರ ಇರುತ್ತದೆ. ನಿಯಮವನ್ನು ಇಲಾಖೆ ಮಾಡುತ್ತದೆ, ರಾಜಪತ್ರದಲ್ಲಿ ಪ್ರಕಟಿಸುತ್ತದೆ. ಅದರ ಕೊನೆಯಲ್ಲಿ ಒಂದು ಅನುಸೂಚಿ, ಅದರಲ್ಲಿ ಶುಲ್ಕದ ಪಟ್ಟಿ. ಹತ್ತಾರು ಪುಟದ ನಿಯಮದಲ್ಲಿ ಆ ಪಟ್ಟಿ ಅರ್ಧ ಪುಟ ಇದ್ದರೆ ಹೆಚ್ಚು. ನಿಮ್ಮ ಜೇಬಿಗೆ ತಾಗುವುದು ಆ ಅರ್ಧ ಪುಟವೇ.

ಈಗ "ಇದು ತೆರಿಗೆಯೇ ಅಲ್ವಾ" ಅನ್ನುವ ಪ್ರಶ್ನೆ. ಇದಕ್ಕೆ ಇಡೀ ದೇಶಕ್ಕೆ ಉತ್ತರ ಸಿಕ್ಕಿದ್ದು ನಿಮ್ಮ ಉಡುಪಿಯಿಂದಲೇ. ಉಡುಪಿಯ ಅಷ್ಟ ಮಠಗಳಲ್ಲಿ ಶಿರೂರು ಮಠವೂ ಒಂದು. ಆಗ ಉಡುಪಿ ಮದ್ರಾಸು ರಾಜ್ಯದಲ್ಲಿತ್ತು. 1951ರಲ್ಲಿ ಮದ್ರಾಸು ಸರ್ಕಾರ ಒಂದು ಕಾಯ್ದೆ ತಂದಿತು. ಮಠ, ದೇವಸ್ಥಾನಗಳು ತಮ್ಮ ಆದಾಯದಲ್ಲಿ ನೂರಕ್ಕೆ ಐದರವರೆಗೆ ಸರ್ಕಾರಕ್ಕೆ ಕಟ್ಟಬೇಕು ಅಂತ ಅದರಲ್ಲಿತ್ತು. ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥ ಸ್ವಾಮೀಜಿಯವರ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1954ರಲ್ಲಿ ತೀರ್ಪು ಬಂತು. ಸರ್ಕಾರ "ಇದು ಶುಲ್ಕ" ಅಂದಿತ್ತು. ಕೋರ್ಟು "ಇದು ತೆರಿಗೆ" ಅಂದಿತು. ದುಡ್ಡು ಸರ್ಕಾರದ ಒಟ್ಟು ಖಜಾನೆಗೆ ಹೋಗುತ್ತಿದೆ, ಮಾಡುವ ಕೆಲಸದ ಖರ್ಚಿಗೂ ವಸೂಲಿ ಮಾಡುವ ಮೊತ್ತಕ್ಕೂ ಸಂಬಂಧ ಇಲ್ಲ, ಹಾಗಾಗಿ ಇದನ್ನು ಶುಲ್ಕ ಅನ್ನಲಾಗದು ಅಂತ ಆ ಭಾಗವನ್ನು ಹೊಡೆದುಹಾಕಿತು. ತೆರಿಗೆಗೆ ಪ್ರತಿಯಾಗಿ ನಿಮಗೇ ಅಂತ ಏನೂ ಸಿಗಬೇಕಾಗಿಲ್ಲ. ಶುಲ್ಕ ಹಾಗಲ್ಲ, ಕಟ್ಟಿದವರಿಗೆ ಅದಕ್ಕೆ ತಕ್ಕ ಸೇವೆ ಸಿಗಲೇಬೇಕು. ಶುಲ್ಕದ ಜಗಳ ಕೋರ್ಟಿಗೆ ಹೋದಾಗ ಇವತ್ತಿಗೂ ಶಿರೂರು ಮಠದ ಹೆಸರು ಬರುತ್ತದೆ. ಮಲ್ಪೆ ಬಂದರಿನ ದಕ್ಕೆಯಿಂದ ಆ ಮಠದ ರಥ ಓಡುವ ಬೀದಿಗೆ ಎಷ್ಟು ದೂರ ಅಂತ ನಿಮಗೇ ಗೊತ್ತು.

ಆಮೇಲೆ ಕೋರ್ಟುಗಳು ಸ್ವಲ್ಪ ಸಡಿಲ ಬಿಟ್ಟವು, ಅದನ್ನೂ ಹೇಳಬೇಕು. 1983ರಲ್ಲಿ ಆಂಧ್ರದ ಮಾರುಕಟ್ಟೆ ಶುಲ್ಕದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪೈಸೆಗೆ ಪೈಸೆ ತಾಳೆ ಆಗಬೇಕಾಗಿಲ್ಲ, ಒಟ್ಟಾರೆ ಸಂಬಂಧ ಇದ್ದರೆ ಸಾಕು ಅಂದಿತು. ಲೈಸೆನ್ಸಿನಂಥ ನಿಯಂತ್ರಣದ ಶುಲ್ಕಕ್ಕೆ ಇನ್ನೂ ಸಡಿಲ, ಅದು ಅತಿಯಾಗಿರಬಾರದು ಅಷ್ಟೇ. ಆದ್ದರಿಂದ ನೂರು ರೂಪಾಯಿ ಹೆಚ್ಚಾಯಿತು ಅಂತ ಕೋರ್ಟಿಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಆದರೆ "ಈ ಶುಲ್ಕಕ್ಕೆ ಏನು ಕೆಲಸ ಮಾಡಿದ್ದೀರಿ" ಅಂತ ಕೇಳುವ ಹಕ್ಕು ನಿಮಗೆ ಖಂಡಿತ ಇದೆ.

ಹಾಗಾದರೆ ಏನು ಕೆಲಸ? ಒಮ್ಮೆ ಜುಲೈನಲ್ಲಿ ಮಲ್ಪೆಗೆ ಹೋಗಿದ್ದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ರಜೆ. ಬೋಟುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಮಳೆ ಬಿಟ್ಟ ಒಂದು ಗಂಟೆಯಲ್ಲಿ ಒಬ್ಬ ಹುಡುಗ ಬೋಟಿನ ಮೂತಿಗೆ ಹಲಗೆ ಕಟ್ಟಿಕೊಂಡು ಕುಳಿತು ನಂಬರು ಬರೆಯುತ್ತಿದ್ದ. ಐಎನ್‌ಡಿ, ಕೆಎ, 02, ಎಂಎಂ. ಹಳೆ ಬಣ್ಣದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದೊಂದು ಅಕ್ಷರವನ್ನೂ ತುಂಬುತ್ತಿದ್ದ. ಮೊದಲು ದೇಶ, ಆಮೇಲೆ ರಾಜ್ಯ, ಆಮೇಲೆ ನೋಂದಣಿಯ ಜಾಗ, ಆಮೇಲೆ ಬೋಟಿನ ಬಗೆ. ಎಂಎಂ ಅಂದರೆ ಯಾಂತ್ರೀಕೃತ. ನಿಮ್ಮದು ಇಂಜಿನ್ ಹಾಕಿದ ನಾಡದೋಣಿ, ಅದರ ಮೇಲೆ ಎಂಒ ಇರಬೇಕು. "ಅಕ್ಷರ ದೊಡ್ಡದಿರಬೇಕು ಸರ್, ದೂರದಿಂದ ಕಾಣಬೇಕಲ್ಲ" ಅಂದ ಆ ಹುಡುಗ.

ದೂರದಿಂದ ಕಾಣಬೇಕಾದ ದಿನ ಬರುತ್ತದೆ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೋದ ಸುವರ್ಣ ತ್ರಿಭುಜ ಬೋಟು ಏಳು ಜನರೊಂದಿಗೆ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಹತ್ತಿರದ ಸಮುದ್ರದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳನ್ನು ಕರಾವಳಿಯ ಯಾರೂ ಮರೆತಿಲ್ಲ. ಹುಡುಕಲು ಹೊರಟವರಿಗೆ ಏನು ಬೇಕು ಯೋಚಿಸಿ. ನಂಬರು, ಉದ್ದ, ಇಂಜಿನ್, ಮಾಲಕರ ವಿವರ. ಇವೆಲ್ಲ ನೋಂದಣಿ ಪುಸ್ತಕದಲ್ಲಿ ಇರುವಂಥವು. ಆ ಪುಸ್ತಕ ಸರಿಯಾಗಿದ್ದರೆ ಹುಡುಕಾಟ ಸರಿಯಾದ ಕಡೆಯಿಂದ ಶುರುವಾಗುತ್ತದೆ. ಅಂಥ ಪುಸ್ತಕ ಇಡುವ ಕೆಲಸಕ್ಕೆ ಖರ್ಚಿದೆ. ಶುಲ್ಕವೇ ಬೇಡ ಅಂತ ನಾನು ಬರೆಯದಿರುವುದಕ್ಕೆ ಇದೇ ಕಾರಣ.

ಆದರೆ ಎಲ್ಲ ಖರ್ಚೂ ನಿಮ್ಮ ತಲೆಗೆ ಬರಬಾರದು. 2008ರ ನವೆಂಬರ್‌ನಲ್ಲಿ ಮುಂಬಯಿ ದಾಳಿಗೆ ಬಂದವರು ಕುಬೇರ್ ಅನ್ನುವ ಗುಜರಾತಿನ ಮೀನುಗಾರಿಕೆ ಬೋಟನ್ನು ಸಮುದ್ರದಲ್ಲೇ ಹಿಡಿದು, ಅದರಲ್ಲಿದ್ದವರನ್ನು ಕೊಂದು, ಅದರಲ್ಲೇ ದಡದ ಹತ್ತಿರ ಬಂದರು. ಅದಾದ ಮೇಲೆ ದೇಶಕ್ಕೆಲ್ಲ ಒಂದೇ ರೀತಿಯ ನೋಂದಣಿ, ರಾಜ್ಯಕ್ಕೊಂದು ಬಣ್ಣ, ಮೀನುಗಾರರಿಗೆ ಗುರುತಿನ ಚೀಟಿ, ಎಲ್ಲ ಬಿಗಿಯಾದವು. ಈ ಭಾಗದ ಲಾಭ ಯಾರಿಗೆ? ಮುಂಬಯಿಯಲ್ಲಿ, ಬೆಂಗಳೂರಿನಲ್ಲಿ ರಾತ್ರಿ ನೆಮ್ಮದಿಯಾಗಿ ಮಲಗುವ ಎಲ್ಲರಿಗೂ. ಹಾಗಾದರೆ ಅದರ ಖರ್ಚು ಎಲ್ಲರ ತೆರಿಗೆಯಿಂದ ಬರಬೇಕು. ಒಂದು ಲಕ್ಷ ಮೀನುಗಾರಿಕೆ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ (ದೋಣಿ ಎಲ್ಲಿದೆ ಅಂತ ತಿಳಿಸುವ ಸಾಧನ) ಹಾಕಿಕೊಡುವ ಯೋಜನೆಯನ್ನು ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಶುರು ಮಾಡಿತು, ಸರ್ಕಾರದ ಖರ್ಚಿನಲ್ಲೇ. ಅಂದರೆ ಈ ತತ್ವವನ್ನು ಸರ್ಕಾರ ಒಂದು ಕಡೆ ಒಪ್ಪಿದೆ. ನೋಂದಣಿಯಲ್ಲೂ ಒಪ್ಪಲಿ.

ಇನ್ನು ಗಾತ್ರದ ಲೆಕ್ಕ. "ಪರ್ಸೀನ್ ಬೋಟಿಗೂ ನಮಗೂ ಒಂದೇ ತಕ್ಕಡಿಯಾ" ಅಂತ ನಿಮ್ಮಂಥವರು ಕೇಳುವುದು ನನಗೆ ಗೊತ್ತು. (ಪರ್ಸೀನ್ ಅಂದರೆ ದೊಡ್ಡ ಸುತ್ತುಬಲೆಯ ಬೋಟು.) ಹಡಗುಗಳ ಶುಲ್ಕವನ್ನು ಜಗತ್ತಿನಾದ್ಯಂತ ಸಾಮಾನ್ಯವಾಗಿ ಟನ್ ಲೆಕ್ಕದಲ್ಲಿ ಇಡುತ್ತಾರೆ. ಟನ್ ಅಂದ ತಕ್ಷಣ ನಾವು ತೂಕ ಅಂದುಕೊಳ್ಳುತ್ತೇವೆ. ಇಲ್ಲಿ ಟನ್ ಅಂದರೆ ಹಡಗಿನ ಒಳಗಿನ ಜಾಗ. 1854ರಲ್ಲಿ ಬ್ರಿಟನ್ ತಂದ ಪದ್ಧತಿಯಲ್ಲಿ 100 ಘನ ಅಡಿ ಜಾಗಕ್ಕೆ ಒಂದು ಟನ್. ಈಗ ದೊಡ್ಡ ಹಡಗುಗಳಿಗೆ 1969ರ ಅಂತರರಾಷ್ಟ್ರೀಯ ಒಪ್ಪಂದದ ಸೂತ್ರ ಇದೆ, ಅದೂ ಜಾಗದ ಲೆಕ್ಕವೇ. ಸಣ್ಣ ದೋಣಿಗೆ ಟೇಪು ಹಿಡಿದು ಉದ್ದ, ಅಗಲ, ಆಳ ಅಳೆದರೆ ಮುಗಿಯಿತು.

ನನ್ನ ಅಭಿಪ್ರಾಯ ಹೀಗೆ. ಪುಸ್ತಕದಲ್ಲಿ ಹೆಸರು ಬರೆಯುವ ಕೆಲಸ ಸಣ್ಣ ದೋಣಿಗೂ ದೊಡ್ಡ ಹಡಗಿಗೂ ಹೆಚ್ಚು ಕಡಿಮೆ ಒಂದೇ. ಅದಕ್ಕೆ ಎಲ್ಲರಿಗೂ ಒಂದೇ ಶುಲ್ಕ ಇರಲಿ, ಕಡಿಮೆ ಇರಲಿ. ತಪಾಸಣೆ ಹಾಗಲ್ಲ. ದೊಡ್ಡ ಬೋಟಿನ ಇಂಜಿನ್ ಕೋಣೆ, ಐಸು ತುಂಬುವ ಜಾಗ, ವೈರಿಂಗು, ಲೈಫ್ ಜಾಕೆಟ್ಟು ಎಲ್ಲ ನೋಡಲು ಅರ್ಧ ದಿನ ಬೇಕು. ನಾಡದೋಣಿಗೆ ಇಪ್ಪತ್ತು ನಿಮಿಷ ಸಾಕು. ಆ ಶುಲ್ಕ ಗಾತ್ರಕ್ಕೆ ತಕ್ಕಂತೆ ಏರಲಿ. 1958ರ ಕಾಯ್ದೆ ಮಾಡಿದವರೂ ಸಣ್ಣವರನ್ನು ಮರೆತಿರಲಿಲ್ಲ. ಕರಾವಳಿಯಲ್ಲೇ ಓಡಾಡುವ, 15 ಟನ್ ಮೀರದ ಹಡಗುಗಳಿಗೆ ಹಡಗಿನ ನೋಂದಣಿಯಿಂದಲೇ ವಿನಾಯಿತಿ ಕೊಟ್ಟಿದ್ದರು. ಮೀನುಗಾರಿಕೆ ದೋಣಿಗಳ ಭಾಗ ಸೇರಿದ್ದು ಆಮೇಲೆ, 1983ರಲ್ಲಿ. (ಅದೇ ಕಾಯ್ದೆಯಲ್ಲಿ ಒಂದು ಹಡಗನ್ನು ಹತ್ತು ಪಾಲು ಮಾಡಿ ಮಾಲಕತ್ವ ಬರೆಯುವ ಪದ್ಧತಿ ಇತ್ತು. ಬ್ರಿಟನ್ನಿನಲ್ಲಿ 64 ಪಾಲು. ಪಾಲಿನಲ್ಲಿ ಬೋಟು ಕಟ್ಟಿಸುವುದು ನಮ್ಮ ಕರಾವಳಿಗೆ ಹೊಸದೇನಲ್ಲ, ಅಲ್ವಾ?)

ಶುಲ್ಕ ಇಳಿಸಿದರೆ ಎಲ್ಲ ಸರಿಹೋಗುತ್ತದೆ ಅಂತಲೂ ಅಲ್ಲ. ಲೈಬೀರಿಯಾ 1948ರಲ್ಲಿ ತನ್ನ ಹಡಗು ನೋಂದಣಿಯನ್ನು ಹೊರದೇಶದವರಿಗೆ ತೆರೆಯಿತು. ಕಡಿಮೆ ಖರ್ಚು, ಕಡಿಮೆ ಕಿರಿಕಿರಿ ಅಂತ ಎಲ್ಲೆಲ್ಲಿಯ ಮಾಲಕರೋ ಅಲ್ಲಿ ನೋಂದಾಯಿಸಿ ಆ ದೇಶದ ಬಾವುಟ ಹಾಕಿಕೊಂಡರು. ಪನಾಮದ್ದೂ ಅದೇ ದಾರಿ. ಅಲ್ಲಿ ನೋಂದಣಿ ದೇಶಕ್ಕೆ ಆದಾಯದ ವ್ಯಾಪಾರ. ಗಿರಾಕಿ ತಪ್ಪಿಹೋಗದಂತೆ ಶುಲ್ಕ ಇಡುತ್ತಾರೆ. ಇದಕ್ಕೆ ಪೂರ್ತಿ ಬೇರೆ ಬ್ರಿಟನ್ನಿನ ಸಣ್ಣ ಹಡಗುಗಳ ಪಟ್ಟಿ. 24 ಮೀಟರಿಗಿಂತ ಚಿಕ್ಕ ಖಾಸಗಿ ದೋಣಿಗಳಿಗೆ ಐದು ವರ್ಷಕ್ಕೆ 35 ಪೌಂಡ್, ಎಲ್ಲರಿಗೂ ಒಂದೇ. ಆದರೆ ಮೀನುಗಾರಿಕೆ ದೋಣಿಗಳಿಗೆ ಅಲ್ಲಿಯೂ ಬೇರೆಯೇ ಪಟ್ಟಿ.

ಈಗ ನನ್ನ ಮನಸ್ಸಿನಲ್ಲಿ ತುಂಬಾ ದಿನದಿಂದ ಇರುವ ಒಂದು ಸಂಗತಿ. ನಮ್ಮ ಸಂಬಂಧಿಕರೊಬ್ಬರದ್ದು ಒಂದು ಸಣ್ಣ ಬೋಟು ಇತ್ತು. ಅವರ ಮನೆಯಲ್ಲಿ ಕಾಗದಪತ್ರ ನೋಡುತ್ತಿದ್ದಾಗ ತಪಾಸಣೆ ಶುಲ್ಕದ ರಸೀದಿ ಸಿಕ್ಕಿತು. "ಏನೆಲ್ಲ ನೋಡಿದರು?" ಅಂತ ಕೇಳಿದೆ. "ಯಾರೂ ಬರಲಿಲ್ಲ ಮಾರಾಯ, ಕೌಂಟರಿನಲ್ಲೇ ಸೀಲು ಹಾಕಿ ಕೊಟ್ಟರು" ಅಂದರು. ಬೇಗ ಕೆಲಸ ಆಯಿತು ಅಂತ ಅವರಿಗೆ ಸಮಾಧಾನವೇ ಇತ್ತು. ನನಗೆ ಹೊಟ್ಟೆಯಲ್ಲಿ ಸಂಕಟ ಆಯಿತು. ಆ ಬೋಟಿನ ತಳದಲ್ಲಿ ಒಂದು ಹಲಗೆ ಮೆತ್ತಗಾಗಿತ್ತು, ಹೆಬ್ಬೆರಳು ಒತ್ತಿದರೆ ಒಳಗೆ ಹೋಗುತ್ತಿತ್ತು. ಕಟ್ಟಿದ ಶುಲ್ಕಕ್ಕೆ ಯಾರಾದರೂ ಬಂದು ಆ ಹಲಗೆ ಮುಟ್ಟಿ ನೋಡಬೇಕಿತ್ತು.

ನೋಡದಿದ್ದರೆ ಏನಾಗುತ್ತದೆ ಅಂತ ನಾವು ಕಂಡಿದ್ದೇವೆ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಗೆ ಹೋಗಿಬರುತ್ತಿದ್ದ ಬೋಟು ಮುಳುಗಿ 16 ಜನ ಸತ್ತರು. ಹಿಡಿಸುವುದಕ್ಕಿಂತ ಜಾಸ್ತಿ ಜನ ಹತ್ತಿದ್ದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜನ ಸತ್ತರು. ಅದು ಮೀನುಗಾರಿಕೆ ದೋಣಿಯನ್ನು ಪ್ರವಾಸಿ ದೋಣಿಯಾಗಿ ಬದಲಾಯಿಸಿದ್ದು. ಎಷ್ಟು ಜನ ಹತ್ತಬಹುದು, ದೋಣಿ ಯಾವ ಕೆಲಸಕ್ಕೆ ಯೋಗ್ಯ ಅನ್ನುವುದನ್ನು ಯಾರೋ ಒಬ್ಬರು ದೋಣಿಗೆ ಹತ್ತಿ, ನೋಡಿ, ಬರೆದು, ಅದು ಪಾಲನೆ ಆಗುವಂತೆ ಮಾಡಬೇಕು. ಅದಕ್ಕಾಗಿ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನನಗೆ ಬೇಸರವಿಲ್ಲ. ಹತ್ತದೇ ಬರೆದ ಸರ್ಟಿಫಿಕೇಟಿಗೆ ಒಂದು ರೂಪಾಯಿಯೂ ಜಾಸ್ತಿಯೇ.

ಇನ್ನೊಂದು ಸಣ್ಣ ವಿಷಯ, ಆದರೆ ಮನೆ ನಡೆಸುವವರಿಗೆ ದೊಡ್ಡದು. ಬೋಟುಗಳು ದಡದಲ್ಲಿರುವುದು ಮಳೆಗಾಲದಲ್ಲಿ, ಆದ್ದರಿಂದ ತಪಾಸಣೆಗೆ ಅದೇ ಒಳ್ಳೆಯ ಕಾಲ. ಆದರೆ ಆ ಎರಡು ತಿಂಗಳು ಕಲಾಸಿಗಳ (ಬೋಟಿನ ಕೆಲಸಗಾರರ) ಮನೆಯಲ್ಲೂ ಮಾಲಕರ ಮನೆಯಲ್ಲೂ ಕೈಯಲ್ಲಿ ಕಾಸಿರುವುದಿಲ್ಲ. ಬಲೆ, ಬಣ್ಣ, ಇಂಜಿನ್ ರಿಪೇರಿ, ಮಕ್ಕಳ ಶಾಲೆ ಫೀಸು ಎಲ್ಲ ಆಗಲೇ ಬರುತ್ತವೆ. ತಪಾಸಣೆ ಜುಲೈನಲ್ಲಿ ಆಗಲಿ, ಹಣ ಸೆಪ್ಟೆಂಬರ್‌ನಲ್ಲಿ ಕಟ್ಟಿಸಿಕೊಳ್ಳಲಿ. ಇದಕ್ಕೆ ಸರ್ಕಾರಕ್ಕೆ ಒಂದು ಪೈಸೆ ನಷ್ಟವಿಲ್ಲ.

ಇದನ್ನೆಲ್ಲ ಹೇಳಲು ಈಗಲೇ ಸರಿಯಾದ ಸಮಯ. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ವಾಣಿಜ್ಯ ಹಡಗು ಕಾಯ್ದೆಗೆ ಒಪ್ಪಿಗೆ ಕೊಟ್ಟಿತು, 1958ರದ್ದರ ಜಾಗಕ್ಕೆ. ಹೊಸ ಕಾಯ್ದೆ ಅಂದ ಮೇಲೆ ಹೊಸ ನಿಯಮ ಬೇಕು, ನಿಯಮದ ಬಾಲಕ್ಕೆ ಶುಲ್ಕದ ಪಟ್ಟಿಯೂ ಬರುತ್ತದೆ. ಕರಡು ಪ್ರಕಟಿಸಿ ಆಕ್ಷೇಪಣೆ ಕರೆದಾಗ ನಿಮ್ಮ ಮೀನುಗಾರರ ಸಂಘದಿಂದ ಒಂದು ಪತ್ರ ಹೋಗಲಿ. ಕನ್ನಡದಲ್ಲೇ ಬರೆಯಿರಿ.

ಅದಕ್ಕಿಂತ ಮೊದಲು ಒಂದು ಕೆಲಸ ಮಾಡಬಹುದು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಅದಕ್ಕೂ ಶುಲ್ಕ ಇದೆ, ಹತ್ತು ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕೂಲಿಯವರೂ ಕೊಡಬಹುದಾದ ಮೊತ್ತ ಅದು. ಮೂರು ಪ್ರಶ್ನೆ ಸಾಕು. ಕಳೆದ ಮೂರು ವರ್ಷದಲ್ಲಿ ನಮ್ಮ ಬಂದರಿನ ದೋಣಿಗಳಿಂದ ನೋಂದಣಿ ಮತ್ತು ತಪಾಸಣೆ ಶುಲ್ಕ ಅಂತ ಎಷ್ಟು ಬಂತು? ಆ ಕೆಲಸಕ್ಕೆ ಎಷ್ಟು ಖರ್ಚಾಯಿತು? ಎಷ್ಟು ದೋಣಿಗಳನ್ನು ಸ್ಥಳಕ್ಕೆ ಹೋಗಿ ನೋಡಿದರು, ಯಾವ ದಿನಾಂಕದಂದು?

ಉತ್ತರ ಬಂದಾಗ ಒಂದು ಪ್ರತಿ ನಮಗೂ ಕಳಿಸಿ. ನಿಮ್ಮ ಹೆಸರು ಹಾಕದೆ, ಅಂಕಿಗಳನ್ನು ಇದ್ದ ಹಾಗೆಯೇ ಈ ಪುಟದಲ್ಲಿ ಪ್ರಕಟಿಸುತ್ತೇವೆ.