‘ಗ್ಯಾಸ್ ಆಫ್ ಮಾಡಿದ್ದೆನಾ?’

ಈ ವಾರ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೇ ಹೆಚ್ಚು ಜಾಗ ಹೋಗಿದೆ. ಅಂಥ ಪತ್ರಗಳೇ ಹೆಚ್ಚು ಬರುತ್ತವೆ ಎನ್ನುವುದು ಕಾರಣ.

ಪ್ರಶ್ನೆ: ನನಗೆ 42 ವರ್ಷ, ಹೈಸ್ಕೂಲ್ ಟೀಚರ್. ಬೆಳಿಗ್ಗೆ ಐದಕ್ಕೆ ಎದ್ದರೆ ತಿಂಡಿ, ಮೂರು ಜನರ ಡಬ್ಬಿ, ಮಗಳ ಜಡೆ, ಆಮೇಲೆ 8.10ರ ಬಸ್ಸು. ಬಸ್ ಸ್ಟಾಪಿಗೆ ಬಂದ ಕೂಡಲೇ ‘ಗ್ಯಾಸ್ ಆಫ್ ಮಾಡಿದ್ದೆನಾ?’ ಎಂದು ತಲೆಯಲ್ಲಿ ಶುರುವಾಗುತ್ತದೆ. ಹೋದ ತಿಂಗಳು ಎರಡು ಸಲ ವಾಪಸ್ ಓಡಿದ್ದೇನೆ. ಎರಡು ಸಲವೂ ಆಫ್ ಆಗಿತ್ತು. ಗೆಳತಿ ಧ್ಯಾನದ ಆ್ಯಪ್ ಹಾಕಿಕೊಟ್ಟಳು, ದಿನಾ ಇಪ್ಪತ್ತು ನಿಮಿಷ ಕೂರಬೇಕಂತೆ. ನಾಲ್ಕನೇ ದಿನಕ್ಕೆ ಬಿಟ್ಟೆ. ಇದು ಮರೆವಿನ ಕಾಯಿಲೆಯೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ನೀವು ಬರೆದಷ್ಟನ್ನು ನೋಡಿದರೆ ಮರೆವು ಅನ್ನಿಸುವುದಿಲ್ಲ. ಬಸ್ಸಿನ ಹೊತ್ತು ಮರೆತಿಲ್ಲ, ಯಾರ ಡಬ್ಬಿಗೆ ಏನು ಅನ್ನುವುದೂ ಮರೆತಿಲ್ಲ. ಒಂದು ಸಂಗತಿ ನೆನಪಿನಲ್ಲಿ ಉಳಿಯಬೇಕಾದರೆ ಅದು ನಡೆಯುವಾಗ ಗಮನ ಅಲ್ಲಿರಬೇಕು. ನಿಮ್ಮ ಕೈ ಗ್ಯಾಸಿನ ತಿರುಪು ತಿರುಗಿಸುವಾಗ ಮನಸ್ಸು ಆಗಲೇ ಬಸ್ಸು ಹತ್ತಿತ್ತು. ಆಮೇಲೆ ನೆನಪಿಗಾಗಿ ತಡಕಾಡುವುದೆಂದರೆ ಕಟ್ಟದ ಹಣವನ್ನು ಪಾಸ್‌ಬುಕ್‌ನಲ್ಲಿ ಹುಡುಕಿದ ಹಾಗೆ.

ನಾಳೆ ಹೀಗೆ ಮಾಡಿ ನೋಡಿ. ತಿರುಪು ತಿರುಗಿಸಿದ ಮೇಲೆ ಕೈ ತೆಗೆಯಬೇಡಿ. ಆ ನೀಲಿ ಬಳೆ ಕುಗ್ಗಿ, ‘ಟುಪ್’ ಎಂದು ಆರುವುದನ್ನು ಕಣ್ಣಾರೆ ನೋಡಿ. ಆಮೇಲೆ ಬಾಯಿಬಿಟ್ಟು ಹೇಳಿ: “ಇವತ್ತು ಬುಧವಾರ, ಗ್ಯಾಸ್ ಆಫ್ ಆಯ್ತು.” ವಾರದ ಹೆಸರು ಯಾಕೆಂದರೆ, ನಿನ್ನೆಯ ನೆನಪು ಇವತ್ತಿನದರ ಜೊತೆ ಕಲಸಿಹೋಗುತ್ತದೆ. ನಗು ಬಂದರೆ ಬರಲಿ. ಜಪಾನಿನ ರೈಲು ಚಾಲಕರು ಸಿಗ್ನಲ್ಲಿನತ್ತ ಬೆರಳು ತೋರಿಸಿ, ಕಂಡದ್ದನ್ನು ಗಟ್ಟಿಯಾಗಿ ಹೇಳಿಯೇ ಮುಂದೆ ಹೋಗುತ್ತಾರೆ. ತಪ್ಪು ಕಡಿಮೆಯಾಗಲಿ ಎಂದು ಅಲ್ಲಿ ಅದು ಕೆಲಸದ ನಿಯಮವೇ.

ಆದರೆ ಒಂದು ಸಲ ಮಾತ್ರ. ನೆದರ್ಲೆಂಡ್ಸ್‌ನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಗ್ಯಾಸ್ ಒಲೆ ತೋರಿಸಿ, ಆಫ್ ಆಗಿದೆಯೇ ಎಂದು ಜನರಿಂದ ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರು. ಪದೇ ಪದೇ ನೋಡಿದವರಿಗೆ ನೆನಪು ಹೆಚ್ಚೇನೂ ಕೆಡಲಿಲ್ಲ, ಕೆಟ್ಟದ್ದು ಆ ನೆನಪಿನ ಮೇಲಿನ ನಂಬಿಕೆ. ಅಂದರೆ ನೋಡಿದಷ್ಟೂ ಅನುಮಾನ ಬೆಳೆಯುತ್ತದೆ. ಹೇಳಿ ಬಂದ ಮೇಲೂ ದಿನಾ ವಾಪಸ್ ಓಡುವಂತಾದರೆ, ಅಥವಾ ಬೀಗ, ನಲ್ಲಿ ಎಂದು ಅದು ಹಬ್ಬುತ್ತಿದ್ದರೆ, ಅದು ಗೀಳಿನ ಸಮಸ್ಯೆಯಾಗಿರಬಹುದು. ಆಗ ಮನೋವೈದ್ಯರನ್ನು ಕಾಣಿ. ಒಳ್ಳೆಯ ಚಿಕಿತ್ಸೆ ಇದೆ.

ಇನ್ನು ಆ್ಯಪ್. ಐದಕ್ಕೆ ಎದ್ದು ಒಲೆ ಹಚ್ಚುವವರಿಗೆ ಇನ್ನೊಂದು ಇಪ್ಪತ್ತು ನಿಮಿಷದ ಕೆಲಸ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಬಿಟ್ಟದ್ದಕ್ಕೆ ಬೇಜಾರು ಬೇಡ. ‘ಎಂಟು ಕೈ ಬೇಕು, ಅಷ್ಟಾವಧಾನ ಮಾಡಿದ ಹಾಗೆ’ ಎಂದು ನಾವು ಹೇಳುತ್ತೇವಲ್ಲ, ನಿಜವಾದ ಅಷ್ಟಾವಧಾನ ನೋಡಿದ್ದೀರಾ? ಎದುರಿಗೆ ಎಂಟು ಜನ ಪೃಚ್ಛಕರು, ಅಂದರೆ ಸವಾಲು ಹಾಕುವವರು. ಆದರೆ ಅವಧಾನಿ ಒಬ್ಬರ ಸಮಸ್ಯೆ ಕೈಗೆತ್ತಿಕೊಂಡು, ಪದ್ಯದ ಒಂದು ಸಾಲು ಕೊಟ್ಟು, ಆಮೇಲೆ ಮುಂದಿನವರ ಕಡೆ ತಿರುಗುತ್ತಾರೆ. ಒಂದೇ ಗಳಿಗೆಯಲ್ಲಿ ಇಬ್ಬರಿಗೆ ಉತ್ತರ ಕೊಡುವುದಿಲ್ಲ. ನಡುನಡುವೆ ಸಂಬಂಧವಿಲ್ಲದ ಮಾತೆತ್ತಿ ಗಮನ ಕೆಡಿಸಲೆಂದೇ ಒಬ್ಬರು ಕೂತಿರುತ್ತಾರೆ, ಅಪ್ರಸ್ತುತ ಪ್ರಸಂಗದವರು. ನಿಮ್ಮ ಅಡುಗೆಮನೆಯಲ್ಲಿ ಆ ಪಾತ್ರ ಮೊಬೈಲಿನದು.

ಹಾಗಾಗಿ ಹೊಸದೇನೂ ಬೇಡ. ಇರುವ ಕೆಲಸಗಳಲ್ಲೇ ಒಂದನ್ನು ಆರಿಸಿಕೊಳ್ಳಿ. ಮಗಳ ಜಡೆ ಆಗಬಹುದು. ಐದು ನಿಮಿಷ ಮೊಬೈಲು ಬೇರೆ ಕೋಣೆಯಲ್ಲಿರಲಿ. ಬಾಚಣಿಗೆ ಸಿಕ್ಕಿನಲ್ಲಿ ನಿಲ್ಲುವುದು, ಎಣ್ಣೆಯ ವಾಸನೆ, ಮೂರು ಎಳೆ ಬೆರಳ ನಡುವೆ ಜಾರುವುದು, ಇಷ್ಟನ್ನು ಗಮನಿಸಿ. ಮನಸ್ಸು ಎರಡನೇ ಪೀರಿಯಡ್ಡಿಗೆ ಓಡಿಯೇ ಓಡುತ್ತದೆ. ಓಡಿತು ಎಂದು ಗೊತ್ತಾದಾಗ ಬೈದುಕೊಳ್ಳದೆ ಜಡೆಗೆ ಕರೆದು ತನ್ನಿ. ಹತ್ತು ಸಲ ಓಡಿದರೆ ಹತ್ತು ಸಲ. ಅಭ್ಯಾಸವೆಂದರೆ ಆ ಕರೆತರುವುದೇ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಮೂರು ಡಬ್ಬಿಯಲ್ಲಿ ಒಂದನ್ನು ನಿಮ್ಮ ಯಜಮಾನರೇ ತುಂಬಿಕೊಳ್ಳಲಿ. ಗಮನದ ಅಭ್ಯಾಸದಿಂದ ಮನಸ್ಸು ತಿಳಿಯಾಗಬಹುದು, ಮನೆಗೆಲಸದ ಹೊರೆ ಇಳಿಯುವುದಿಲ್ಲ. ಅದನ್ನು ಹಂಚಿಕೊಂಡೇ ಇಳಿಸಬೇಕು.

ಪ್ರಶ್ನೆ: ಆಫೀಸಿನಲ್ಲಿ ಮೈಂಡ್‌ಫುಲ್‌ನೆಸ್ ಸೆಷನ್ ಇಟ್ಟಿದ್ದರು. ಕಣ್ಣು ಮುಚ್ಚಿ ಉಸಿರು ಗಮನಿಸಿ ಅಂದರು. ಎರಡೇ ನಿಮಿಷಕ್ಕೆ ಎದೆ ಡವಡವ, ಎದ್ದು ಹೊರಗೆ ಬಂದೆ. ಎಲ್ಲರೂ ಆರಾಮಾಗಿ ಕೂತಿದ್ದರು. ನನಗೆ ಮಾತ್ರ ಯಾಕೆ ಹೀಗೆ?
– 26 ವರ್ಷ, ಬೆಂಗಳೂರು

ಉತ್ತರ: ನಿಮಗೆ ಮಾತ್ರ ಅಲ್ಲ. ಮೊದಲೇ ಆತಂಕ ಇರುವವರಿಗೆ, ಅಪಘಾತ, ಸಾವು ಇಂಥದ್ದನ್ನು ಕಂಡವರಿಗೆ ಒಮ್ಮೊಮ್ಮೆ ಹೀಗಾಗುತ್ತದೆ. ಅದನ್ನು ಮೊದಲೇ ಹೇಳದೆ ಎಲ್ಲರನ್ನೂ ಒಟ್ಟಿಗೆ ಕಣ್ಣು ಮುಚ್ಚಿಸಿ ಕೂರಿಸುವುದು ನನಗೆ ಹಿಡಿಸದ ಪದ್ಧತಿ. ನೀವು ಕಣ್ಣು ತೆರೆದೇ ಇರಿ. ಗಮನ ಎದೆಯ ಮೇಲೆ ಬೇಡ, ಪಾದಕ್ಕೆ ತಾಗುವ ನೆಲದ ಮೇಲೆ ಇರಲಿ, ಅಥವಾ ಕೈಯಲ್ಲಿ ಹಿಡಿದ ತಣ್ಣೀರಿನ ಲೋಟದ ಮೇಲೆ. ಉಸಿರು ಒಳಗೆಳೆದಾಗ ಹೃದಯದ ಬಡಿತ ತುಸು ಏರುತ್ತದೆ, ಬಿಟ್ಟಾಗ ಮಿದುಳಿನಿಂದ ಹೃದಯಕ್ಕೆ ಹೋಗುವ ವೇಗಸ್ ಎಂಬ ನರದ ಮೂಲಕ ಇಳಿಯುತ್ತದೆ. ಅದಕ್ಕೇ ನಾಲ್ಕು ಎಣಿಸುತ್ತಾ ತೆಗೆದುಕೊಂಡು ಆರು ಎಣಿಸುತ್ತಾ ಬಿಡಿ. ಐದಾರು ಸಲ ಸಾಕು. ತಲೆ ಸುತ್ತಿದರೆ ನಿಲ್ಲಿಸಿ.

ಮೆಟ್ಟಿಲು ಹತ್ತುವಾಗಲೂ ಎದೆ ಹೀಗೇ ಹೊಡೆದುಕೊಂಡರೆ ಅಥವಾ ನೋವಿದ್ದರೆ ಮೊದಲು ವೈದ್ಯರ ಹತ್ತಿರ ಹೋಗಿ. ನಿದ್ದೆ ಕೆಟ್ಟು ವಾರಗಳಾಗಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನನಗೆ 71. ಇನ್ನೂ ಮೆಟ್ಟುಗತ್ತಿಯ ಮುಂದೆ ಕೂತು, ಟಿವಿ ನೋಡುತ್ತಾ ಅಡಿಕೆ ಸುಲಿಯುತ್ತೇನೆ. ಮೊಮ್ಮಗ ಮೈಂಡ್‌ಫುಲ್‌ನೆಸ್ ಕಲಿಯಲು ದುಡ್ಡು ಕಟ್ಟಿದ್ದಾನೆ. ಇದು ಅಮೆರಿಕದವರ ಹೊಸ ವ್ಯಾಪಾರವೋ?
– ಶಿರಸಿ

ಉತ್ತರ: ಹಿರಿಯರೇ, ವ್ಯಾಪಾರವೂ ಇದೆ, ಇಲ್ಲವೆನ್ನಲಾರೆ. ಆದರೆ ಶುರುವಾದದ್ದು ಆಸ್ಪತ್ರೆಯಲ್ಲಿ. 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ ಎಂಬುವರು, ಔಷಧಿಯಿಂದ ನೋವು ಪೂರ್ತಿ ಹೋಗದ ರೋಗಿಗಳಿಗೆ ಎಂಟು ವಾರದ ತರಬೇತಿ ಆರಂಭಿಸಿದರು. ಅದರಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವ ಪಾಠವಿದೆ. ಬೇರು ಮಾತ್ರ ನಮ್ಮ ಕಡೆಯದೇ. ಬೌದ್ಧರ ಪಾಳಿ ಭಾಷೆಯ ‘ಸತಿ’, ಸಂಸ್ಕೃತದ ‘ಸ್ಮೃತಿ’, ಅಂದರೆ ನೆನಪು, ಎಚ್ಚರ. ಕನ್ನಡದಲ್ಲಿ ನನಗೆ ಹತ್ತಿರವೆನಿಸುವ ಮಾತು ಸಾವಧಾನ. ಮದುವೆಯಲ್ಲಿ ಪುರೋಹಿತರು ‘ಸುಮುಹೂರ್ತೇ ಸಾವಧಾನ’ ಅನ್ನುವಾಗ ಅದರ ಅರ್ಥ ಗಮನವಿಟ್ಟಿರಿ ಎಂದು. ‘ಸಾವಧಾನವಾಗಿ ಊಟ ಮಾಡು’ ಎಂದು ಮನೆಯಲ್ಲಿ ಹೇಳುವಾಗ ನಿಧಾನವಾಗಿ ಎಂದು. ಎರಡೂ ಒಂದೇ ಪದದಲ್ಲಿ ಬಂದು ಕೂತಿವೆ.

ಅಡಿಕೆ ಸುಲಿಯುವುದೂ ಒಳ್ಳೆಯ ಅಭ್ಯಾಸವೇ, ಟಿವಿ ಆಫ್ ಆಗಿದ್ದರೆ. ಬೆರಳಿಗೂ ಕ್ಷೇಮ.