ನಿಮ್ಮ ಲೇಖನದಲ್ಲಿ ಜಾನಿ ರಾಜರ್ಸ್ ಓಡುವುದೇ ಕಾಣಲಿಲ್ಲ

ನಮಸ್ಕಾರ.

ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲ್‌ನ ಆಟಗಾರ ಜಾನಿ ರಾಜರ್ಸ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಆದರೆ ಬೇಡ ಅಂತ ಪಕ್ಕಕ್ಕಿಡುವ ಬರಹವೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಅಮೆರಿಕದ ಕಾಲೇಜು ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ. ನಿಮಗೆ ಆಟ ಗೊತ್ತಿದೆ, ಆಟಗಾರನ ಮೇಲೆ ಅಭಿಮಾನವೂ ಇದೆ. ಎಡವಟ್ಟಾಗಿರುವುದು ಆ ಅಭಿಮಾನದಿಂದಲೇ. ಅವನನ್ನು ನಮಗೆ ತೋರಿಸುವ ಮೊದಲೇ ಹೊಗಳಲು ಶುರು ಮಾಡಿದ್ದೀರಿ.

ಮೊದಲ ಪುಟ ನೋಡಿ. ನೆಬ್ರಾಸ್ಕಾ ವಿಶ್ವವಿದ್ಯಾಲಯಕ್ಕೆ ಆಡಿದ ಮೂರು ಸೀಸನ್‌ನಲ್ಲಿ 143 ಕ್ಯಾಚ್, ಅವುಗಳಿಂದ 2,479 ಗಜ, ಪಂಟ್ (ಎದುರಾಳಿ ಎತ್ತರಕ್ಕೆ ಒದ್ದ ಚೆಂಡು) ಹಿಡಿದು ಓಡಿ 7 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವುದು), ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ 1972ರಲ್ಲಿ. ಅಂಕಿಗಳೆಲ್ಲ ಸರಿ. ಆದರೆ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತು ಓದುವವರಿಗೆ 2,479 ಗಜ ಜಾಸ್ತಿಯೋ ಕಡಿಮೆಯೋ ಹೇಗೆ ಗೊತ್ತಾಗಬೇಕು? ವಿಂಗ್‌ಬ್ಯಾಕ್ ಅಂದರೆ ಯಾರು ಅಂತಲೇ ನೀವು ಎಲ್ಲೂ ಹೇಳಿಲ್ಲ. ದೊಡ್ಡ ವಿವರಣೆ ಬೇಡ. ಎದುರಾಳಿಯ ಮುಂದೆ ಅಡ್ಡಲಾಗಿ ನಿಲ್ಲುವ ಸಾಲಿನ ತುದಿಯಲ್ಲಿ, ಒಂದು ಹೆಜ್ಜೆ ಹಿಂದೆ, ಸ್ವಲ್ಪ ಹೊರಗೆ ನಿಲ್ಲುವವನು. ಪಾಸ್ ಹಿಡಿಯಲು ಮುಂದಕ್ಕೂ ಓಡಬಹುದು, ಚೆಂಡನ್ನು ಕೈಗೆ ಇಸಿದುಕೊಂಡು ಅಡ್ಡಕ್ಕೂ ಓಡಬಹುದು. ಇವನು ಏನು ಮಾಡುತ್ತಾನೆ ಅಂತ ಎದುರಾಳಿಗೆ ಮೊದಲೇ ತಿಳಿಯುವುದಿಲ್ಲ. ಇಷ್ಟು ಹೇಳಿದರೆ ಕೋಚ್ ಬಾಬ್ ಡೆವಾನಿ ಅವನನ್ನು ಆ ಜಾಗದಲ್ಲಿ ಯಾಕೆ ನಿಲ್ಲಿಸಿದರು ಅನ್ನುವುದೂ ಅರ್ಥವಾಗುತ್ತದೆ.

ಎರಡನೆಯದು ಸ್ವಲ್ಪ ಗಂಭೀರ. ಕಿಕ್‌ಆಫ್ (ಆಟ ಶುರು ಮಾಡುವ ಒದೆತ) ಮತ್ತು ಪಂಟ್ ಎರಡನ್ನೂ ‘ಕಿಕ್ ಹಿಡಿದು ಓಡುವುದು’ ಅಂತ ಒಂದೇ ಮಾಡಿಬಿಟ್ಟಿದ್ದೀರಿ. ಆ ಏಳು ಟಚ್‌ಡೌನ್ ಬಂದದ್ದು ಪಂಟ್‌ಗಳಿಂದ, ಅದರ ಬೆಲೆ ಇರುವುದೂ ಅಲ್ಲೇ. ಕಿಕ್‌ಆಫ್‌ನಲ್ಲಿ ಚೆಂಡು ದೂರದಿಂದ ಬರುತ್ತದೆ, ಹಿಡಿದವನಿಗೆ ವೇಗ ತೆಗೆದುಕೊಳ್ಳಲು ಜಾಗ ಸಿಗುತ್ತದೆ. ಪಂಟ್ ಹಾಗಲ್ಲ. ಹತ್ತು ಗಜ ದಾಟಲು ನಾಲ್ಕು ಅವಕಾಶ ಇರುವ ತಂಡ, ಮೂರರಲ್ಲಿ ಆಗದಿದ್ದಾಗ ಸಾಮಾನ್ಯವಾಗಿ ಚೆಂಡನ್ನು ಎತ್ತರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುತ್ತದೆ. ಚೆಂಡು ಗಾಳಿಯಲ್ಲಿ ಇರುವಾಗಲೇ ಒದ್ದ ತಂಡದವರು ಅದರ ಕೆಳಗೆ ಓಡಿ ಬರುತ್ತಾರೆ. ಹಿಡಿಯುವವನ ಕಣ್ಣು ಆಕಾಶದಲ್ಲಿ. ಬರುವವರ ಕಾಲಿನ ಸದ್ದು ಮಾತ್ರ ಅವನಿಗೆ. ಬೇಕಾದರೆ ಕೈ ಎತ್ತಿ ಬೀಸಬಹುದು. ಆಗ ಯಾರೂ ಮುಟ್ಟುವ ಹಾಗಿಲ್ಲ, ಆದರೆ ಹಿಡಿದ ಜಾಗದಲ್ಲೇ ಆಟ ನಿಲ್ಲುತ್ತದೆ. ಕೈ ಎತ್ತಬೇಕೋ ಬೇಡವೋ, ಆ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಆಗಬೇಕು. ನಿಮ್ಮ ಲೇಖನಕ್ಕೆ ಬೇಕಾಗಿದ್ದ ಜೀವ ಇಲ್ಲಿದೆ, ನೀವು ಇದನ್ನು ಮುಟ್ಟಿಯೇ ಇಲ್ಲ. ‘ಅಮೆರಿಕದ ಸಚಿನ್’ ಅನ್ನುವ ಮಾತು ತೆಗೆದುಬಿಡಿ. ನಮ್ಮವರಿಗೆ ಹತ್ತಿರದ್ದು ಬೇಕಿದ್ದರೆ ಕಬಡ್ಡಿಯ ರೈಡರ್ ಇದ್ದಾನಲ್ಲ, ಒಬ್ಬನೇ ಏಳು ಜನರಿಂದ ತಪ್ಪಿಸಿಕೊಳ್ಳುವವನು.

ಈಗ ಓಕ್ಲಹೋಮಾದ ನಾರ್ಮನ್ ಊರಿನಲ್ಲಿ ನಡೆದ ಪಂದ್ಯಕ್ಕೆ ಬರೋಣ. 1971ರ ನವೆಂಬರ್ 25, ಥ್ಯಾಂಕ್ಸ್‌ಗಿವಿಂಗ್ ದಿನ. ದೇಶದ ನಂಬರ್ ಒಂದು ನೆಬ್ರಾಸ್ಕಾ, ನಂಬರ್ ಎರಡು ಓಕ್ಲಹೋಮಾ, ಇಬ್ಬರೂ ಆ ವರ್ಷ ಒಂದೂ ಪಂದ್ಯ ಸೋತಿರಲಿಲ್ಲ. ಇದಕ್ಕೆ ನೀವು ಕೊಟ್ಟಿರುವುದು ಒಂದು ವಾಕ್ಯ: ‘ಮಿಂಚಿನಂತೆ 72 ಗಜ ಓಡಿ ಟಚ್‌ಡೌನ್ ಗಳಿಸಿದ.’ ಅಷ್ಟೇನಾ? ಆಟ ಶುರುವಾಗಿ ನಾಲ್ಕು ನಿಮಿಷವೂ ಆಗಿರಲಿಲ್ಲ. ಓಕ್ಲಹೋಮಾ ಪಂಟ್ ಒದ್ದಿತು, ರಾಜರ್ಸ್ ಕೈ ಎತ್ತಲಿಲ್ಲ. ಚೆಂಡು ಕೈಗೆ ಬಿದ್ದ ಕೂಡಲೇ ಓಕ್ಲಹೋಮಾದ ಗ್ರೆಗ್ ಪ್ರೂಯಿಟ್ ಬಂದು ಗುದ್ದಿದ. ರಾಜರ್ಸ್ ಗಿರಕಿ ಹೊಡೆದ, ಒಂದು ಕೈ ನೆಲಕ್ಕೆ ಊರಿ ಬೀಳುವುದನ್ನು ತಪ್ಪಿಸಿಕೊಂಡ, ಆಮೇಲೆ ಓಡಿದ. ಅಂದರೆ ಆ ಓಟ ಶುರುವಾದದ್ದು ಮಿಂಚಿನಂತೆ ಅಲ್ಲ, ಮುಗ್ಗರಿಸಿ. ಓಟದ ಕೊನೆಯಲ್ಲಿ ಅವನ ತಂಡದ ಜೋ ಬ್ಲಾಹಕ್ ಒಬ್ಬನನ್ನು ಹಿಂದಿನಿಂದ ತಡೆದ, ಅದು ಫೌಲ್ ಅಂತ ಓಕ್ಲಹೋಮಾದವರು ಇವತ್ತಿಗೂ ಹೇಳುತ್ತಾರೆ. ರೆಫರಿ ಸುಮ್ಮನಿದ್ದರು. ಟಚ್‌ಡೌನ್ ಮಾಡಿ ಬಂದವನು ಮೈದಾನದ ಅಂಚಿನಲ್ಲಿ ವಾಂತಿ ಮಾಡಿಕೊಂಡ. ಹೀಗೆ ಅವನೇ ಆಮೇಲೆ ಹೇಳಿಕೊಂಡಿದ್ದಾನೆ. ಇಂಥದ್ದು ಕೈಯಲ್ಲಿರುವಾಗ ಮಿಂಚು ಯಾಕೆ?

ಅದೇ ಪಂದ್ಯದಲ್ಲಿ ಇನ್ನೊಂದು ಕ್ಷಣ ಇದೆ, ನನಗೆ ಅದೇ ಹೆಚ್ಚು ಇಷ್ಟ. ಕೊನೆಯ ನಿಮಿಷಗಳು, ಓಕ್ಲಹೋಮಾ 31–28ರಿಂದ ಮುಂದಿದೆ. ಮೂರನೇ ಅವಕಾಶ, ಇನ್ನೂ 8 ಗಜ ಬೇಕು. ನೆಬ್ರಾಸ್ಕಾದ ಜೆರ್ರಿ ಟ್ಯಾಗಿ ಎಸೆದ ಚೆಂಡು ಕೆಳಗೆ ಬಂತು, ರಾಜರ್ಸ್ ಬಗ್ಗಿ ಬಿದ್ದು ಹಿಡಿದ, 11 ಗಜ ಸಿಕ್ಕಿತು. ಟಚ್‌ಡೌನ್ ಅಲ್ಲ, ಅಂಕಿ ಪಟ್ಟಿಯಲ್ಲಿ ಸಾಧಾರಣ ಸಾಲು. ಆದರೆ ಅದು ತಪ್ಪಿದ್ದರೆ ಅವನ ತಂಡದ ಜೆಫ್ ಕಿನ್ನಿ ಕೊನೆಯ ಟಚ್‌ಡೌನ್ ಮಾಡುವುದು, ನೆಬ್ರಾಸ್ಕಾ 35–31ರಲ್ಲಿ ಗೆಲ್ಲುವುದು ಕಷ್ಟವಿತ್ತು. ಇದು ನಿಮ್ಮಲ್ಲಿ ಇಲ್ಲ. ಬದಲಿಗೆ ಸೀಸನ್ ಮುಗಿದ ಮೇಲೆ ಆಡುವ ಆರೆಂಜ್ ಬೌಲ್ ಪಂದ್ಯಕ್ಕೆ, ಅದೂ 1973ರದ್ದಕ್ಕೆ, ಒಂದೂವರೆ ಪುಟ. ನಾಟರ್ ಡೇಮ್ ವಿರುದ್ಧ 40–6, ಓಡಿ ಮೂರು ಟಚ್‌ಡೌನ್, ಹಿಡಿದು ಒಂದು, ಎಸೆದು ಒಂದು. ಅದ್ಭುತ, ಒಪ್ಪಿದೆ. ಆದರೆ ಏಕಪಕ್ಷೀಯ ಪಂದ್ಯ, ಜೊತೆಗೆ ಅವತ್ತು ಅವನು ಆಡಿದ್ದು ವಿಂಗ್‌ಬ್ಯಾಕ್ ಜಾಗದಲ್ಲೂ ಅಲ್ಲ. ಎರಡು ಸಾಲಿಗೆ ಇಳಿಸಿ.

ಇನ್ನು ನೀವು ಬಿಟ್ಟಿರುವ ವಿಷಯ. ನಿಮಗೆ ಗೊತ್ತಿಲ್ಲದೆ ಬಿಟ್ಟಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ. 1970ರಲ್ಲಿ, ತಂಡಕ್ಕೆ ಒಂದು ಪಂದ್ಯ ಆಡುವ ಮೊದಲೇ, ಗೆಳೆಯರ ಜೊತೆ ಸೇರಿ ವಿಶ್ವವಿದ್ಯಾಲಯವಿರುವ ಲಿಂಕನ್ ಊರಿನ ಪೆಟ್ರೋಲ್ ಬಂಕ್ ಒಂದನ್ನು ರಾಜರ್ಸ್ ದೋಚಿದ. ಸಿಕ್ಕಿದ್ದು ಸುಮಾರು 90 ಡಾಲರ್. ಎರಡು ವರ್ಷ ಪ್ರೊಬೇಷನ್, ಅಂದರೆ ಜೈಲಿನ ಬದಲು ನಿಗಾದಲ್ಲಿರುವ ಶಿಕ್ಷೆ, ಆಯಿತು. ಡೆವಾನಿ ಅವನನ್ನು ತಂಡದಲ್ಲಿ ಉಳಿಸಿಕೊಂಡರು, ಹಾಗೆ ಮಾಡಿದ್ದು ಸರಿಯೇ ಅನ್ನುವ ಚರ್ಚೆ ಹೈಸ್‌ಮನ್ ಮತದಾನದವರೆಗೂ ಬಂತು. ನೆಬ್ರಾಸ್ಕಾ ರಾಜ್ಯ ಅವನಿಗೆ ಕ್ಷಮಾದಾನ ಕೊಟ್ಟದ್ದು 2013ರಲ್ಲಿ. ಅಷ್ಟು ಹೊತ್ತಿಗೆ ಕಾಲೇಜು ಫುಟ್‌ಬಾಲ್‌ನ ಹಾಲ್ ಆಫ್ ಫೇಮ್ ಅವನನ್ನು ಸೇರಿಸಿಕೊಂಡು ಹದಿಮೂರು ವರ್ಷ ಆಗಿತ್ತು. ಇದನ್ನು ಮುಚ್ಚಿಟ್ಟರೆ ಓದುಗರು ಬೇರೆಲ್ಲೋ ಓದುತ್ತಾರೆ, ಆಮೇಲೆ ನಿಮ್ಮ ಒಂದು ಸಾಲನ್ನೂ ನಂಬುವುದಿಲ್ಲ. ಕ್ಷಮೆ ಕೇಳುವ ಧಾಟಿಯೂ ಬೇಡ, ಉಪದೇಶವೂ ಬೇಡ. ನಡೆದದ್ದನ್ನು ನಡೆದ ಹಾಗೆ, ಹೈಸ್‌ಮನ್ ಬರುವ ಮೊದಲೇ ಹೇಳಿ. ಅಂದ ಹಾಗೆ, ಆ ವರ್ಷ ಹೈಸ್‌ಮನ್‌ನಲ್ಲಿ ಎರಡನೆಯವನಾಗಿ ಬಂದದ್ದು ಯಾರು ಗೊತ್ತಲ್ವಾ? ನಾರ್ಮನ್‌ನಲ್ಲಿ ಮೊದಲು ಗುದ್ದಿದ ಅದೇ ಪ್ರೂಯಿಟ್. ಇದನ್ನು ಹೇಗೆ ಬಿಟ್ಟಿರಿ ಅಂತ ನನಗೆ ಆಶ್ಚರ್ಯ.

ಕಾಲೇಜಿನ ನಂತರದ ಭಾಗ ಚಿಕ್ಕದಾಗಿದೆ, ಹಾಗೇ ಇರಲಿ. 1973ರಲ್ಲಿ ವೃತ್ತಿಪರ ತಂಡ ಸ್ಯಾನ್ ಡಿಯೇಗೊ ಚಾರ್ಜರ್ಸ್ ಹೊಸ ಆಟಗಾರರ ಆಯ್ಕೆಯ ಮೊದಲ ಸುತ್ತಿನಲ್ಲೇ ಆರಿಸಿದರೂ ಅವನು ಹೋದದ್ದು ಕೆನಡಾಕ್ಕೆ, ಮಾಂಟ್ರಿಯಲ್ ಅಲುಯೆಟ್ಸ್ ತಂಡಕ್ಕೆ. 1974ರಲ್ಲಿ ಅಲ್ಲಿನ ಚಾಂಪಿಯನ್ ತಂಡಕ್ಕೆ ಕೊಡುವ ಗ್ರೇ ಕಪ್ ಗೆದ್ದ. 1977ರಲ್ಲಿ ಚಾರ್ಜರ್ಸ್‌ಗೆ ಬಂದಾಗ ಗಾಯಗಳು ಬಿಡಲಿಲ್ಲ, ಎರಡು ಸೀಸನ್‌ನಲ್ಲಿ ಮುಗಿಯಿತು. ‘ವಿಧಿಯ ಕ್ರೂರ ಆಟ’ ಅನ್ನುವುದನ್ನು ಹೊಡೆದು ಹಾಕಿದ್ದೇನೆ. ‘ಇಂದಿನ ಯುವಕರು ಕಲಿಯಬೇಕಾದದ್ದು’ ಅಂತ ಶುರುವಾಗುವ ಕೊನೆಯ ಪ್ಯಾರಾವನ್ನೂ.

1,400 ಪದ ದಾಟದಂತೆ ಮತ್ತೆ ಬರೆದು ಕಳಿಸಿ. ಒಂದು ಗಜ ಅಂದರೆ ಸುಮಾರು 91 ಸೆಂಟಿಮೀಟರ್ ಅಂತ ಎಲ್ಲಾದರೂ ಒಮ್ಮೆ ಬರಲಿ. ಫೋಟೋಗಳನ್ನು ಇಂಟರ್‌ನೆಟ್‌ನಿಂದ ಇಳಿಸಿ ಕಳಿಸಬೇಡಿ, ಹಕ್ಕಿನ ತಕರಾರು ಬರುತ್ತದೆ. ಫೋಟೋ ವಿಷಯ ನಾವೇ ನೋಡಿಕೊಳ್ಳುತ್ತೇವೆ.